ಓಡುವ ಬಿಡಿಭಾಗಕ್ಕೆ ಬೆಳಕಿನ ಅಳತೆಗೋಲು

ನಿಂತ ವಸ್ತುವಿನ ಎತ್ತರ ಅಳೆಯುವುದು ಹಳೆಯ ವಿದ್ಯೆ. ಸರ್ಫೇಸ್ ಪ್ಲೇಟಿನ ಮೇಲೆ ಬಿಡಿಭಾಗವನ್ನು ಇಟ್ಟು, ಹೈಟ್ ಗೇಜಿನ ಮೂತಿಯನ್ನು ಮೆಲ್ಲಗೆ ಇಳಿಸಿ, ಡಯಲ್ ಗೇಜಿನ ಮುಳ್ಳು ಅಲುಗಿದ ಕಡೆ ಓದಿಕೊಂಡರೆ ಮಿಲಿಮೀಟರಿನ ನೂರರಲ್ಲಿ ಒಂದು ಪಾಲು ಪಳಗಿದ ಯಾವ ಟರ್ನರಿಗಾದರೂ ಸಿಗುತ್ತದೆ. ಅದೇ ಬಿಡಿಭಾಗ ಕನ್ವೇಯರಿನ ಮೇಲೆ ಸಾಗುತ್ತಿದ್ದರೆ, ಇಲ್ಲವೇ ಪವರ್ ಪ್ರೆಸ್ಸಿನ ರ‍್ಯಾಮಿನಂತೆ ಮೇಲೆ ಕೆಳಗೆ ಆಡುತ್ತಿದ್ದರೆ, ಮುಟ್ಟಿ ಅಳೆಯುವ ಈ ಕ್ರಮ ಕೈಕೊಡುತ್ತದೆ. ಸ್ಪ್ರಿಂಗಿನ ಮೂತಿ ಕುಪ್ಪಳಿಸುತ್ತದೆ, ಸವೆಯುತ್ತದೆ, ಎರಕದ ಒರಟು ಅಂಚಿಗೆ ಸಿಕ್ಕಿ ಮುರಿಯುವುದೂ ಉಂಟು. ಆಗ ಉಳಿಯುವುದು ಮುಟ್ಟದೆ ಅಳೆಯುವ ದಾರಿ. ಗಾಳಿಯ ಒತ್ತಡದಿಂದ, ಕಾಂತದ ಸುರುಳಿಯಿಂದ, ಬೆಳಕಿನಿಂದ ಹೀಗೆ ಅಳೆಯಬಹುದು. ಇವುಗಳಲ್ಲಿ ಬೆಳಕಿನ ಸಾಮಾನು ಎಲ್ಲ ಕಡೆ ಸಿಗುತ್ತದೆ, ಬೆಲೆಯೂ ಕಡಿಮೆ.

ಶಿವಮೊಗ್ಗ ಮತ್ತು ಭದ್ರಾವತಿಯ ಮಟ್ಟಿಗೆ ಇದು ಬರೀ ಪುಸ್ತಕದ ವಿಷಯವಲ್ಲ. ಎರಡು ಊರುಗಳ ನಡುವಿನ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಲ್ಲೂ ಶಿವಮೊಗ್ಗದ ಸಾಗರ ರಸ್ತೆಯ ಕಡೆಯೂ ಫೌಂಡ್ರಿಗಳು, ಮಷಿನ್ ಶಾಪುಗಳು ಸಾಲಾಗಿವೆ. ಎರಕ ಹೊಯ್ದ ಬಿಡಿಭಾಗ ಮರಳು ಉದುರಿಸಿಕೊಂಡು, ಫೆಟ್ಲಿಂಗ್ ಮುಗಿಸಿ, ಮಷಿನಿಂಗಿಗೆ ಹೋಗುವ ಹಾದಿಯಲ್ಲಿ ಅದರ ಎತ್ತರವನ್ನು ಹಲವು ಬಾರಿ ನೋಡಬೇಕಾಗುತ್ತದೆ. ಒರಟು ಎರಕಕ್ಕೆ ಒಂದು ಮಿಲಿಮೀಟರ್ ಹೆಚ್ಚುಕಡಿಮೆಯಾದರೂ ನಡೆದೀತು. ಮಷಿನಿಂಗ್ ಆದ ಮುಖಕ್ಕೆ ಅಷ್ಟು ಸಲಿಗೆ ಇಲ್ಲ. ಡ್ರಾಯಿಂಗಿನಲ್ಲಿ 0.1 ಮಿಲಿಮೀಟರ್ ಟಾಲರೆನ್ಸ್ ಬರೆದಿದ್ದರೆ ಅಳೆಯುವ ಸಾಧನ ಅದರ ಹತ್ತನೇ ಒಂದು ಪಾಲನ್ನು, ಅಂದರೆ 0.01 ಮಿಲಿಮೀಟರನ್ನು ನೆಚ್ಚಿಕೆಯಿಂದ ಹೇಳಬೇಕು ಎನ್ನುವುದು ಕಾರ್ಖಾನೆಗಳ ರೂಢಿ. ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲಾದ ಮೈಕ್ರಾನಿನಲ್ಲಿ ಹೇಳುವುದಾದರೆ ಇದು 10 ಮೈಕ್ರಾನ್. ಈ ಕೆಲಸಕ್ಕೆಂದೇ ತಯಾರಾದ ವಿದೇಶಿ ಲೇಸರ್ ಸೆನ್ಸರುಗಳಿವೆ, ಬೆಲೆ ಹತ್ತಾರು ಸಾವಿರದಿಂದ ಹಲವು ಲಕ್ಷದವರೆಗೆ. ಹತ್ತು ಜನರ ವರ್ಕ್‌ಶಾಪಿಗೆ ಅದು ಒಗ್ಗುವ ಮಾತಲ್ಲ. ಕೆಲವು ನೂರು ರೂಪಾಯಿಯ ಬಿಡಿಸಾಮಾನಿನಲ್ಲಿ ಅದೇ 10 ಮೈಕ್ರಾನನ್ನು ಹಿಡಿಯಲು ಬರುತ್ತದೆಯೇ? ಬರುತ್ತದೆ. ಆದರೆ ಆ ನಿಖರತೆ ಸೆನ್ಸರಿನ ಪೊಟ್ಟಣದೊಳಗೆ ಸಿಗುವುದಿಲ್ಲ. ಸೆನ್ಸರನ್ನು ಕೂರಿಸಿದ ಕೋನ, ಬೆಳಕನ್ನು ಹೊತ್ತಿಸಿದ ಗಳಿಗೆ, ಹೋಲಿಕೆಗೆಂದು ಪಕ್ಕದಲ್ಲಿ ಇಟ್ಟ ಗಟ್ಟಿ ಮುಖ, ಇವುಗಳಿಂದ ಅದನ್ನು ದುಡಿದು ಪಡೆಯಬೇಕು.

ಎಲ್ಲರಿಗೂ ಮೊದಲು ಹೊಳೆಯುವ ಉಪಾಯ ಬೆಳಕು ಹೋಗಿಬರುವ ಸಮಯವನ್ನು ಅಳೆಯುವುದು. ಇದಕ್ಕೆ ಉಗುರಿಗಿಂತ ಚಿಕ್ಕ ಚಿಪ್ಪುಗಳು ಬಂದಿವೆ. ಎಸ್‌ಟಿ ಮೈಕ್ರೋಎಲೆಕ್ಟ್ರಾನಿಕ್ಸ್ ಕಂಪನಿಯ ವಿಎಲ್53ಎಲ್0ಎಕ್ಸ್ ಎಂಬುದು ಎರಡು ಮೀಟರ್ ದೂರದವರೆಗೆ ಹೀಗೆ ಅಳೆಯುತ್ತದೆ, ಮೊಬೈಲುಗಳಲ್ಲೂ ರೋಬೋಟುಗಳಲ್ಲೂ ಇಂಥವು ಧಾರಾಳ. ಆದರೆ ಬೆಳಕು ಒಂದು ನ್ಯಾನೋ ಸೆಕೆಂಡಿನಲ್ಲಿ ಸುಮಾರು 30 ಸೆಂಟಿಮೀಟರ್ ಓಡುತ್ತದೆ. ಒಂದೇ ಒಂದು ಮಿಲಿಮೀಟರಿನ ವ್ಯತ್ಯಾಸ ಹೋಗಿಬರುವ ಸಮಯದಲ್ಲಿ 6.7 ಪಿಕೋ ಸೆಕೆಂಡ್, ಅಂದರೆ ಸೆಕೆಂಡಿನ ಲಕ್ಷ ಕೋಟಿ ಪಾಲುಗಳಲ್ಲಿ ಏಳಕ್ಕೂ ಕಡಿಮೆ. ಅಗ್ಗದ ಚಿಪ್ಪು ಸಾವಿರಾರು ಮಿಂಚುಗಳ ಸರಾಸರಿ ತೆಗೆದರೂ ಕೆಲವು ಮಿಲಿಮೀಟರುಗಳ ಆಚೀಚೆ ತೂಗಾಡುತ್ತದೆ. ನೀರಿನ ಟ್ಯಾಂಕಿನ ಮಟ್ಟ ನೋಡಲು, ಹಾಪರಿನಲ್ಲಿ ಮರಳು ಎಷ್ಟಿದೆ ಎಂದು ತಿಳಿಯಲು ಅದು ಸಾಕು. ಮಷಿನಿಂಗ್ ಆದ ಮುಖಕ್ಕೆ ಸಾಲದು.

ಎರಡನೆಯ ಉಪಾಯ ಮರಳಿ ಬಂದ ಬೆಳಕಿನ ಪ್ರಮಾಣವನ್ನು ನೋಡುವುದು. ಟಿಸಿಆರ್‌ಟಿ5000 ಎಂಬ ಕಪ್ಪು ಪ್ಲಾಸ್ಟಿಕ್ಕಿನ ತುಂಡಿನಲ್ಲಿ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಬೀರುವ ಎಲ್‌ಇಡಿ ಒಂದು, ಪಕ್ಕದಲ್ಲೇ ಫೋಟೋ ಟ್ರಾನ್ಸಿಸ್ಟರ್ ಒಂದು ಇರುತ್ತವೆ. ಎದುರಿನ ಮುಖ ಸುಮಾರು 2.5 ಮಿಲಿಮೀಟರ್ ದೂರದಲ್ಲಿದ್ದಾಗ ಮರಳಿ ಬರುವ ಬೆಳಕು ಅತಿ ಹೆಚ್ಚು. ಅದಕ್ಕಿಂತ ಹತ್ತಿರ ಬಂದರೂ ಕಡಿಮೆ, ದೂರ ಹೋದರೂ ಕಡಿಮೆ. ಹಾಗಾಗಿ ಒಂದೇ ಓದು ಎರಡು ಬೇರೆ ಎತ್ತರಗಳಿಗೆ ಹೊಂದಿಕೊಳ್ಳಬಹುದು. ಶಿಖರದ ಆಚೆಯ ಇಳಿಜಾರಿನಲ್ಲಿ ಮಾತ್ರ ಕೆಲಸ ಮಾಡುವಂತೆ ಸೆನ್ಸರನ್ನು ಹಿಂದಕ್ಕೆ ಸರಿಸಿ ಕೂರಿಸಿದರೆ ಈ ಗೊಂದಲ ಇರುವುದಿಲ್ಲ. ಇನ್ನೊಂದು ಗೊಂದಲ ಅಷ್ಟು ಸುಲಭವಾಗಿ ಬಗೆಹರಿಯದು. ಈಗಷ್ಟೇ ಮಿಲ್ಲಿಂಗ್ ಆದ ಹೊಳೆಯುವ ಮುಖ, ಎಣ್ಣೆ ಸವರಿದ ಮುಖ, ಒಂದು ರಾತ್ರಿಯ ತೇವಕ್ಕೆ ತುಕ್ಕಿನ ಬಣ್ಣ ಬಂದ ಮುಖ, ಮೂರೂ ಒಂದೇ ಎತ್ತರದಲ್ಲಿದ್ದರೂ ಮೂರು ಬೇರೆ ಓದು ಕೊಡುತ್ತವೆ. ಮಳೆಗಾಲದ ಮಲೆನಾಡಿನ ಸೆರಗಿನಲ್ಲಿ ತುಕ್ಕಿಗೆ ಒಂದು ರಾತ್ರಿಯೂ ಬೇಕಾಗಿಲ್ಲ. ಆದ್ದರಿಂದ ಬಂದುಹೋಗುವ ಬಿಡಿಭಾಗಗಳ ಮೇಲೆ ಈ ವಿಧಾನವನ್ನು ನೆಚ್ಚುವುದು ತಪ್ಪು. ಯಂತ್ರದ್ದೇ ಭಾಗವಾದ ಲಿವರ್, ಸ್ಲೈಡ್, ವಾಲ್ವಿನ ದಂಡದಂಥವುಗಳ ಮೇಲೆ ಹೊಳಪಿಲ್ಲದ ಬಿಳಿ ಚೂರೊಂದನ್ನು ಅಂಟಿಸಿ ಅದನ್ನೇ ನೋಡುವುದಾದರೆ ಮುಖ ಬದಲಾಗುವುದಿಲ್ಲ, ಓದೂ ಸ್ಥಿರವಾಗಿ ನಿಲ್ಲುತ್ತದೆ.

ಇದಕ್ಕಿಂತ ಗಟ್ಟಿಯಾದದ್ದು ನೆರಳಿನ ವಿಧಾನ. ಒಂದು ಕಡೆ ಎಲ್‌ಇಡಿ, ಎದುರುಗಡೆ ಫೋಟೋ ಡಯೋಡ್, ನಡುವೆ ಚಲಿಸುವ ಭಾಗಕ್ಕೆ ಬಿಗಿದ ತೆಳು ತಗಡಿನ ಪಟ್ಟಿ. ಪಟ್ಟಿ ಇಳಿದಷ್ಟೂ ಬೆಳಕು ಮುಚ್ಚುತ್ತದೆ, ಮುಚ್ಚಿದಷ್ಟೂ ಡಯೋಡಿನ ಕರೆಂಟು ಇಳಿಯುತ್ತದೆ. ಮುಖದ ಬಣ್ಣ, ಎಣ್ಣೆ, ಹೊಳಪು ಯಾವುದೂ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ತಗಡು ಬೆಳಕನ್ನು ತಡೆದರೆ ಸಾಕು. ಆರ್ಡುಯಿನೋ ಊನೋ ಬೋರ್ಡಿನ ಚಿಪ್ಪು ವೋಲ್ಟೇಜನ್ನು 1,024 ಮೆಟ್ಟಿಲುಗಳಲ್ಲಿ ಓದುತ್ತದೆ. ಎರಡು ಮಿಲಿಮೀಟರಿನ ಚಲನೆಯನ್ನು ಆ ಮೆಟ್ಟಿಲುಗಳ ಮೇಲೆ ಹರಡಿದರೆ ಒಂದು ಮೆಟ್ಟಿಲಿಗೆ ಸುಮಾರು 2 ಮೈಕ್ರಾನ್ ಬೀಳುತ್ತದೆ. ಬಿಸಿಯಾದಂತೆ ಎಲ್‌ಇಡಿಯ ಬೆಳಕು ಕುಂದುವುದೊಂದು ತೊಡಕು, ಏಕೆಂದರೆ ಕುಂದಿದ ಬೆಳಕನ್ನು ಸೆನ್ಸರ್ ಇಳಿದ ತಗಡು ಎಂದೇ ತಿಳಿಯುತ್ತದೆ. ಅದೇ ಎಲ್‌ಇಡಿಯನ್ನು ತಗಡಿನ ಅಡ್ಡಿಯಿಲ್ಲದೆ ನೋಡುವ ಇನ್ನೊಂದು ಡಯೋಡ್ ಇಟ್ಟು, ಒಂದರ ಓದನ್ನು ಇನ್ನೊಂದರಿಂದ ಭಾಗಿಸಿದರೆ ಎಲ್‌ಇಡಿಯ ಏರಿಳಿತ ಹೊಡೆದುಹೋಗುತ್ತದೆ. ಹೆಚ್ಚುವರಿ ಖರ್ಚು ಹತ್ತಿಪ್ಪತ್ತು ರೂಪಾಯಿಯದು. ಇಷ್ಟು ಸಣ್ಣ ಖರ್ಚಿನಲ್ಲಿ ಇಷ್ಟು ದೊಡ್ಡ ಲಾಭ ಕೊಡುವ ಉಪಾಯ ಈ ಇಡೀ ವಿಷಯದಲ್ಲಿ ಇನ್ನೊಂದಿಲ್ಲ. ಆದರೂ ಮಾರುಕಟ್ಟೆಯ ಅಗ್ಗದ ಸೆನ್ಸರ್ ಬೋರ್ಡುಗಳಲ್ಲಿ ಅದು ಕಾಣುವುದು ಅಪರೂಪ.

ನೆರಳಿನ ವಿಧಾನ ಬಡವರ ಉಪಾಯ ಎಂದು ಮೂಗು ಮುರಿಯುವಂತಿಲ್ಲ. ಗುರುತ್ವದ ಅಲೆಗಳನ್ನು ಪತ್ತೆ ಮಾಡಿದ ಅಮೆರಿಕದ ಲೈಗೋ ವೀಕ್ಷಣಾಲಯಗಳಲ್ಲಿ ತೂಗುಬಿಟ್ಟ ಕನ್ನಡಿಗಳ ಅಲುಗಾಟವನ್ನು ಗಮನಿಸುವುದು ಇದೇ ಬಗೆಯ ಎಲ್‌ಇಡಿ, ಡಯೋಡ್, ನಡುವಿನ ಪಟ್ಟಿಯ ಸೆನ್ಸರು. ಮೈಕ್ರಾನಿನ ಸಾವಿರದಲ್ಲಿ ಒಂದು ಪಾಲಿಗಿಂತ ಸಣ್ಣ ಚಲನೆಯನ್ನೂ ಅದು ಗುರುತಿಸುತ್ತದೆ. ಅಲ್ಲಿನ ಎಲೆಕ್ಟ್ರಾನಿಕ್ಸ್ ಬೇರೆ ದರ್ಜೆಯದು, ನಿರ್ವಾತದ ಕೋಣೆಯೂ ಇದೆ. ತತ್ವ ಮಾತ್ರ ತಗಡಿನ ನೆರಳಿನದೇ. ಯಮಹಾ ಕಂಪನಿಯ ಡಿಸ್‌ಕ್ಲೇವಿಯರ್ ಪಿಯಾನೋದಲ್ಲಿ ವಾದಕನ ಬೆರಳು ಕೀಲಿಯನ್ನು ಹೇಗೆ ಒತ್ತಿತು ಎಂಬುದನ್ನು ದಾಖಲಿಸುವುದೂ ಬೆಳಕಿನ ಸೆನ್ಸರುಗಳೇ.

ಆದರೆ ಪ್ರತಿ ಬಿಡಿಭಾಗಕ್ಕೂ ತಗಡು ಬಿಗಿಯಲು ಸಾಧ್ಯವಿಲ್ಲ. ಕನ್ವೇಯರಿನ ಮೇಲೆ ಸಾಲಾಗಿ ಬರುವ ಎರಕಗಳ ಎತ್ತರ ಬೇಕಾದಾಗ ತ್ರಿಕೋನದ ವಿಧಾನ ಹಿಡಿಯಬೇಕು. ಲೇಸರನ್ನು ನೇರ ಮೇಲಿನಿಂದ ಕೆಳಕ್ಕೆ ಬಿಡುವುದು, ಕ್ಯಾಮೆರಾವನ್ನು ಒಂದು ಕೋನದಲ್ಲಿ ಓರೆಯಾಗಿ ನಿಲ್ಲಿಸುವುದು. ಮುಖ ಎತ್ತರಕ್ಕೆ ಬಂದರೆ ಬೆಳಕಿನ ಚುಕ್ಕೆ ಕ್ಯಾಮೆರಾದ ಚಿತ್ರದಲ್ಲಿ ಒಂದು ಕಡೆಗೆ ಸರಿಯುತ್ತದೆ, ಕೆಳಗಿದ್ದರೆ ಇನ್ನೊಂದು ಕಡೆಗೆ. ಸರಿದ ಅಳತೆಯನ್ನು ಕೋನದ ಸೈನಿನಿಂದ ಭಾಗಿಸಿದರೆ ಎತ್ತರ. ಭದ್ರಾವತಿಯ ವಿಐಎಸ್‌ಎಸ್‌ಜೆ ಪಾಲಿಟೆಕ್ನಿಕ್ಕಿನಲ್ಲಾಗಲಿ ಬೇರೆಲ್ಲಾಗಲಿ ಡಿಪ್ಲೊಮಾ ಓದಿದವರಿಗೆ ಇದಕ್ಕಿಂತ ಹೆಚ್ಚಿನ ಗಣಿತ ಗೊತ್ತಿರುತ್ತದೆ.

ಚುಕ್ಕೆಯ ಬದಲು ಗೆರೆ ಚೆಲ್ಲುವ ಲೇಸರ್ ಹಾಕಿದರೆ ಬಿಡಿಭಾಗದ ಇಡೀ ಅಡ್ಡಕೊಯ್ತ ಒಮ್ಮೆಗೇ ಕಾಣುತ್ತದೆ. ಬರಿಯ ಬೆಲ್ಟಿನ ಮೇಲೆ ಕೆಂಪು ಗೆರೆ ನೆಟ್ಟಗಿರುತ್ತದೆ. ಫ್ಲಾಂಜಿನ ಅಂಚು ಬಂದೊಡನೆ ಗೆರೆ ಅಲ್ಲಿ ತುಂಡಾಗಿ ಪಕ್ಕಕ್ಕೆ ಜಿಗಿಯುತ್ತದೆ. ನಡುವಿನ ಉಬ್ಬು ಬಂದಾಗ ಇನ್ನೊಂದು ಜಿಗಿತ. ಅಚ್ಚಿನ ಎರಡು ಅರ್ಧಗಳು ಕೂಡಿದ ಜಾಗದಲ್ಲಿ ಉಳಿದ ಏಣು, ಫೆಟ್ಲಿಂಗಿನವರು ಸರಿಯಾಗಿ ಉಜ್ಜಿರದಿದ್ದರೆ, ಗೆರೆಯ ಮೇಲೆ ಸಣ್ಣ ಮೊಳಕೆಯಂತೆ ಏಳುತ್ತದೆ. ಬಿಡಿಭಾಗ ಮುಂದೆ ಸಾಗಿದಂತೆ ಇಂಥ ಅಡ್ಡಕೊಯ್ತಗಳು ಒಂದರ ಹಿಂದೊಂದು ಸೇರಿ ಪೂರ್ತಿ ಮುಖದ ನಕ್ಷೆಯಾಗುತ್ತವೆ. ಇಲ್ಲಿ ಚಲನೆ ಅಡ್ಡಿಯಲ್ಲ, ಉಪಕಾರಿ. ಬೆಲ್ಟಿನ ರೋಲರಿಗೆ ಎನ್‌ಕೋಡರ್ ಸಿಕ್ಕಿಸಿ, ಬೆಲ್ಟು ಇಷ್ಟು ಸರಿದಾಗ ಒಂದು ಚಿತ್ರ ಎಂದು ಕಟ್ಟು ಮಾಡಿದರೆ ಬೆಲ್ಟಿನ ವೇಗ ಹೆಚ್ಚುಕಡಿಮೆಯಾದರೂ ನಕ್ಷೆ ಹಿಗ್ಗಿ ಕುಗ್ಗುವುದಿಲ್ಲ.

ನಿಖರತೆಯ ಲೆಕ್ಕ ಹೀಗೆ. ಕ್ಯಾಮೆರಾದ 640 ಪಿಕ್ಸೆಲುಗಳಲ್ಲಿ 32 ಮಿಲಿಮೀಟರಿನಷ್ಟು ಜಾಗ ಕಾಣುತ್ತದೆ ಎನ್ನೋಣ. ಒಂದು ಪಿಕ್ಸೆಲಿಗೆ 0.05 ಮಿಲಿಮೀಟರ್. ಕೋನ 30 ಡಿಗ್ರಿಯಾದರೆ ಅದರ ಸೈನ್ ಅರ್ಧ. ಹಾಗಾಗಿ ಒಂದು ಪಿಕ್ಸೆಲ್ ಸರಿದರೆ ಎತ್ತರದಲ್ಲಿ 0.1 ಮಿಲಿಮೀಟರ್, ಅಂದರೆ 100 ಮೈಕ್ರಾನ್. ಬೇಕಾದದ್ದು 10 ಮೈಕ್ರಾನ್. ಉಳಿದ ಹತ್ತು ಪಟ್ಟು ಸಿಗುವುದು ಚುಕ್ಕೆಯ ನಡುವನ್ನು ಹುಡುಕುವ ಕ್ರಮದಿಂದ. ಬೆಳಕಿನ ಚುಕ್ಕೆ ಒಂದೇ ಪಿಕ್ಸೆಲಿನ ಮೇಲೆ ಬೀಳುವುದಿಲ್ಲ, ನಾಲ್ಕೈದರ ಮೇಲೆ ಹರಡಿಕೊಳ್ಳುತ್ತದೆ. 311ರಿಂದ 315ರವರೆಗಿನ ಪಿಕ್ಸೆಲುಗಳಲ್ಲಿ ಬೆಳಕು ಕ್ರಮವಾಗಿ 40, 120, 200, 130, 50 ಇದ್ದರೆ, ಪ್ರತಿ ಪಿಕ್ಸೆಲಿಗೂ ಅದರ ಬೆಳಕಿನಷ್ಟು ತೂಕ ಕೊಟ್ಟು ತೆಗೆದ ಸರಾಸರಿ 313.06. ಮುಂದಿನ ಚಿತ್ರದಲ್ಲಿ ಅದೇ ಪಿಕ್ಸೆಲುಗಳು 30, 100, 190, 150, 70 ಎಂದು ಬಂದರೆ ಸರಾಸರಿ 313.24. ಎರಡೂ ಬಾರಿ ಅತಿ ಹೆಚ್ಚು ಬೆಳಕು 313ರಲ್ಲೇ ಇದೆ, ಬರಿಗಣ್ಣಿಗೆ ಏನೂ ಬದಲಾಗಿಲ್ಲ. ಲೆಕ್ಕ ಮಾತ್ರ ಮುಖ 18 ಮೈಕ್ರಾನ್ ಸರಿದಿದೆ ಎನ್ನುತ್ತದೆ. ಈ ಕಾರಣಕ್ಕೆ ಚುಕ್ಕೆಯನ್ನು ಸೂಜಿಮೊನೆಯಷ್ಟು ಸಣ್ಣದಾಗಿಸಲು ಹೊರಡುವುದು ವ್ಯರ್ಥ. ಒಂದೇ ಪಿಕ್ಸೆಲಿಗೆ ಇಳಿದ ಚುಕ್ಕೆಯಲ್ಲಿ ಸರಾಸರಿ ತೆಗೆಯಲು ಏನೂ ಉಳಿಯುವುದಿಲ್ಲ. ಬೆಳಕು ಅತಿಯಾಗಿ ನಡುವಿನ ಪಿಕ್ಸೆಲುಗಳೆಲ್ಲ 255ಕ್ಕೆ ಮುಟ್ಟಿ ಚಪ್ಪಟೆಯಾದರೂ ಇದೇ ಗತಿ.

ಕ್ಯಾಮೆರಾದ ಆಯ್ಕೆಯಲ್ಲಿ ಎಡವುವವರು ಹೆಚ್ಚು. ಮೊಬೈಲಿನ, ಲ್ಯಾಪ್‌ಟಾಪಿನ ಸಾಮಾನ್ಯ ಕ್ಯಾಮೆರಾ ಚಿತ್ರವನ್ನು ಒಂದೇ ಏಟಿಗೆ ಹಿಡಿಯುವುದಿಲ್ಲ. ಮೇಲಿನ ಸಾಲಿನಿಂದ ಕೆಳಗಿನ ಸಾಲಿಗೆ ಒಂದೊಂದಾಗಿ ಓದುತ್ತ ಹೋಗುತ್ತದೆ. ಇದಕ್ಕೆ ರೋಲಿಂಗ್ ಶಟರ್ ಎಂದು ಹೆಸರು. ವಸ್ತು ಓಡುತ್ತಿದ್ದರೆ ಮೇಲಿನ ಸಾಲು ಒಂದು ಗಳಿಗೆಯದು, ಕೆಳಗಿನದು ಇನ್ನೊಂದು ಗಳಿಗೆಯದು, ನೇರ ಅಂಚು ಓರೆಯಾಗಿ ಕಾಣುತ್ತದೆ. ಎಲ್ಲ ಪಿಕ್ಸೆಲುಗಳನ್ನೂ ಏಕಕಾಲಕ್ಕೆ ಹಿಡಿಯುವ ಗ್ಲೋಬಲ್ ಶಟರ್ ಕ್ಯಾಮೆರಾ ಮೊದಲು ದುಬಾರಿಯಾಗಿತ್ತು. ರಾಸ್ಪ್‌ಬೆರಿ ಪೈ ಸಂಸ್ಥೆ 2023ರಲ್ಲಿ ಸೋನಿ ಸೆನ್ಸರ್ ಇರುವ ಅಂಥ ಕ್ಯಾಮೆರಾವನ್ನು 50 ಡಾಲರಿಗೆ ತಂದ ಮೇಲೆ ಸಣ್ಣ ವರ್ಕ್‌ಶಾಪಿನ ಕೈಗೂ ಅದು ಎಟುಕುತ್ತದೆ. ಪೂರ್ತಿ ಚಿತ್ರ ಬೇಡ, ಒಂದು ಚುಕ್ಕೆಯ ಜಾಗ ತಿಳಿದರೆ ಸಾಕು ಎನ್ನುವವರಿಗೆ ಒಂದೇ ಸಾಲಿನ ಸೆನ್ಸರುಗಳಿವೆ. ಬಾರ್‌ಕೋಡ್ ಓದುವ ಯಂತ್ರಗಳಿಗೆಂದು ಹುಟ್ಟಿದ ತೋಷಿಬಾದ ಟಿಸಿಡಿ1304ರಲ್ಲಿ 8 ಮೈಕ್ರಾನ್ ಅಂತರದ 3,648 ಪಿಕ್ಸೆಲುಗಳಿವೆ, ಆದರೆ ಸೆಕೆಂಡಿಗೆ ಇನ್ನೂರು ಚಿಲ್ಲರೆ ಬಾರಿಗಿಂತ ಹೆಚ್ಚು ಓದಲಾಗದು. ಟಿಎಸ್‌ಎಲ್1401ರಲ್ಲಿ ಇರುವುದು 128 ಪಿಕ್ಸೆಲ್ ಮಾತ್ರ, ಅದನ್ನು ಸೆಕೆಂಡಿಗೆ ಸಾವಿರಾರು ಬಾರಿ ಓದಬಹುದು. ನಿಖರತೆಗೆ ಮೊದಲನೆಯದು, ವೇಗಕ್ಕೆ ಎರಡನೆಯದು.

ಓರೆಯಾಗಿ ನೋಡುವ ಕ್ಯಾಮೆರಾಕ್ಕೆ ಇನ್ನೊಂದು ಕಷ್ಟವಿದೆ. ಲೇಸರ್ ದಾರಿಯ ಮೇಲ್ತುದಿ ಹತ್ತಿರ, ಕೆಳತುದಿ ದೂರ, ಎರಡೂ ಒಟ್ಟಿಗೆ ಫೋಕಸ್ ಆಗುವುದಿಲ್ಲ. ಆಸ್ಟ್ರಿಯಾದ ಸೇನಾಧಿಕಾರಿ ಥಿಯೋಡೋರ್ ಶೈಂಪ್‌ಫ್ಲುಗ್ ಆಕಾಶದಿಂದ ತೆಗೆದ ಚಿತ್ರಗಳ ಓರೆಯನ್ನು ತಿದ್ದಲು ಹೊರಟು 1904ರಲ್ಲಿ ಪೇಟೆಂಟ್ ಪಡೆದ ನಿಯಮ ಇಲ್ಲಿ ಕೈಹಿಡಿಯುತ್ತದೆ. ಸೆನ್ಸರಿನ ತಲ, ಲೆನ್ಸಿನ ತಲ, ಲೇಸರ್ ಹಾದಿಯ ತಲ, ಮೂರೂ ಮುಂದುವರಿದು ಒಂದೇ ಗೆರೆಯಲ್ಲಿ ಕೂಡುವಂತೆ ಸೆನ್ಸರನ್ನು ತುಸು ವಾಲಿಸಿದರೆ ಮೇಲಿನಿಂದ ಕೆಳಗಿನವರೆಗೂ ಚುಕ್ಕೆ ಸ್ಪಷ್ಟವಾಗಿರುತ್ತದೆ. ಮನೆಯಲ್ಲೇ ಜೋಡಿಸಿದ ಸಾಧನಗಳಲ್ಲಿ ಇದನ್ನು ಬಿಟ್ಟಿರುವುದೇ ಹೆಚ್ಚು. ಅಳತೆಯ ಹರವು ಮೂರು ನಾಲ್ಕು ಮಿಲಿಮೀಟರಿನೊಳಗೆ ಇದ್ದರೆ ಬಿಟ್ಟರೂ ನಷ್ಟವಿಲ್ಲ.

ಹತ್ತು ಮೈಕ್ರಾನಿಗಿಂತಲೂ ಸೂಕ್ಷ್ಮಕ್ಕೆ ಹೋಗಬೇಕಾದವರಿಗೆ ಗುಜರಿಯಲ್ಲಿ ಒಂದು ನಿಧಿ ಬಿದ್ದಿದೆ. ಕೆಟ್ಟ ಡಿವಿಡಿ ಪ್ಲೇಯರಿನ ಲೆನ್ಸ್ ಹೆಡ್ಡೇ ಅದು. ತಿರುಗುವ ತಟ್ಟೆ ಎಂದೂ ಪೂರ್ತಿ ಮಟ್ಟವಾಗಿರುವುದಿಲ್ಲ, ಅಂಚಿನಲ್ಲಿ ಅರ್ಧ ಮಿಲಿಮೀಟರಿನ ಆಸುಪಾಸು ಏಳುತ್ತ ಬೀಳುತ್ತ ಇರುತ್ತದೆ. ಅದರ ಮೇಲೆ ಲೇಸರ್ ಬಿಂದು ಸುಮಾರು ಒಂದು ಮೈಕ್ರಾನಿನೊಳಗೆ ಫೋಕಸ್ ಆಗಿಯೇ ಇರಬೇಕು, ಇಲ್ಲದಿದ್ದರೆ ಸಿನಿಮಾ ನಿಲ್ಲುತ್ತದೆ. ಓಡುವ ಮುಖದ ಎತ್ತರ ಅಳೆಯುವ ಕೆಲಸ ಇದಕ್ಕಿಂತ ಬೇರೆಯೇನಲ್ಲ, 1982ರಲ್ಲಿ ಸಿಡಿ ಪ್ಲೇಯರ್ ಮಾರಾಟಕ್ಕೆ ಬಂದಾಗಿನಿಂದ ಮನೆಮನೆಗಳಲ್ಲಿ ಅದು ನಡೆಯುತ್ತಿತ್ತು. ಮರಳಿ ಬಂದ ಬೆಳಕು ಅಡ್ಡಕ್ಕೂ ಉದ್ದಕ್ಕೂ ಬೇರೆ ಬೇರೆ ಕಡೆ ಫೋಕಸ್ ಆಗುವ ವಿಶೇಷ ಲೆನ್ಸಿನ ಮೂಲಕ ಹಾದು ನಾಲ್ಕು ಹೋಳಿನ ಡಯೋಡಿನ ಮೇಲೆ ಬೀಳುತ್ತದೆ. ಮುಖ ಸರಿಯಾದ ಎತ್ತರದಲ್ಲಿದ್ದರೆ ಅಲ್ಲಿ ದುಂಡು ಚುಕ್ಕೆ, ನಾಲ್ಕೂ ಹೋಳಿಗೆ ಸಮಪಾಲು. ಮೇಲೆ ಬಂದರೆ ಚುಕ್ಕೆ ಒಂದು ಕರ್ಣದ ಕಡೆಗೆ ಉದ್ದವಾಗುತ್ತದೆ, ಕೆಳಗೆ ಹೋದರೆ ಇನ್ನೊಂದು ಕರ್ಣದ ಕಡೆಗೆ. ಎದುರುಬದುರಿನ ಹೋಳುಗಳನ್ನು ಕೂಡಿ, ಒಂದು ಜೋಡಿಯಿಂದ ಇನ್ನೊಂದನ್ನು ಕಳೆದರೆ ಎತ್ತರದ ಸಂಕೇತ ಸಿಗುತ್ತದೆ. ಹೀಗೆ ನೇರವಾಗಿ ಓದಬಹುದಾದ ಹರವು ಹತ್ತು ಮೈಕ್ರಾನಿನ ಆಸುಪಾಸು ಮಾತ್ರ, ಆ ಹರವಿನೊಳಗೆ ಮೈಕ್ರಾನಿನ ನೂರನೇ ಪಾಲೂ ಕಾಣುತ್ತದೆ. ಇದೇ ಲೆನ್ಸ್ ಹೆಡ್ಡನ್ನು ಸಂಶೋಧಕರು ಪರಮಾಣು ಬಲದ ಸೂಕ್ಷ್ಮದರ್ಶಕಗಳಲ್ಲಿ ಬಳಸಿದ್ದಾರೆ. ಎರಕದ ಅಂಗಳಕ್ಕೆ ಇದು ತೀರಾ ಸೂಕ್ಷ್ಮ, ಲೆನ್ಸು ಮುಖದಿಂದ ಒಂದೆರಡು ಮಿಲಿಮೀಟರ್ ದೂರದಲ್ಲೇ ಇರಬೇಕು. ಗ್ರೈಂಡಿಂಗ್ ಆದ ಸ್ಪಿಂಡಲಿನ ಓಲಾಟ ನೋಡುವಂಥ ಕೆಲಸಕ್ಕೆ ಹೊಂದುತ್ತದೆ.

ವಿಧಾನ ಯಾವುದಾದರೂ ಇರಲಿ, ವಸ್ತು ಓಡುತ್ತಿದೆ ಎಂದಾದ ಮೇಲೆ ಎತ್ತರದ ಪ್ರಶ್ನೆ ಅರ್ಧಕ್ಕರ್ಧ ಸಮಯದ ಪ್ರಶ್ನೆಯಾಗುತ್ತದೆ. ನಿಮಿಷಕ್ಕೆ 200 ಏಟು ಹೊಡೆಯುವ, 40 ಮಿಲಿಮೀಟರ್ ಸ್ಟ್ರೋಕಿನ ಪ್ರೆಸ್ಸನ್ನು ತೆಗೆದುಕೊಳ್ಳಿ. ನಡುದಾರಿಯಲ್ಲಿ ಅದರ ರ‍್ಯಾಮ್ ಸೆಕೆಂಡಿಗೆ ಸುಮಾರು 420 ಮಿಲಿಮೀಟರ್ ವೇಗದಲ್ಲಿರುತ್ತದೆ. ಒಂದು ಮಿಲಿ ಸೆಕೆಂಡಿನ ಎಕ್ಸ್‌ಪೋಷರಿನಲ್ಲಿ ಅದು 0.42 ಮಿಲಿಮೀಟರ್ ಸರಿದಿರುತ್ತದೆ, ಅಂಥ ಚಿತ್ರದಿಂದ 10 ಮೈಕ್ರಾನ್ ಓದುವ ಆಸೆ ಬಿಡಬೇಕು. ಲೇಸರನ್ನು ಸೆಕೆಂಡಿನ ಐವತ್ತು ಸಾವಿರದಲ್ಲಿ ಒಂದು ಪಾಲು, ಅಂದರೆ 20 ಮೈಕ್ರೋ ಸೆಕೆಂಡ್ ಮಾತ್ರ ಮಿಂಚಿಸಿದರೆ ಸರಿಯುವುದು 8 ಮೈಕ್ರಾನ್. ಮಿಂಚಿನ ಬೆಳಕು ಇಷ್ಟು ಚಿಕ್ಕ ಅವಧಿಗೆ ಸಾಕಾಗಬೇಕಾದರೆ ಲೆನ್ಸನ್ನು ಅಗಲವಾಗಿ ತೆರೆಯಬೇಕು ಇಲ್ಲವೇ ಸುತ್ತಲ ಬೆಳಕನ್ನು ಕತ್ತಲೆಯ ಗೂಡಿನಿಂದ ತಡೆಯಬೇಕು.

ಪ್ರೆಸ್ಸಿನಲ್ಲಿ ಒಂದು ಅನುಕೂಲವೂ ಉಂಟು. ಕೆಲಸದವರಿಗೆ ಬೇಕಾದದ್ದು ರ‍್ಯಾಮ್ ತೀರಾ ಕೆಳಗೆ ಬಂದಾಗಿನ ಎತ್ತರ, ತಗಡಿನ ಆಕಾರ ನಿರ್ಧಾರವಾಗುವುದು ಅಲ್ಲಿಯೇ. ಅದೇ ಬಿಂದುವಿನಲ್ಲಿ ಅದರ ವೇಗ ಸೊನ್ನೆ. ಕನೆಕ್ಟಿಂಗ್ ರಾಡಿನ ಓರೆಯನ್ನು ಬದಿಗಿಟ್ಟು ಲೆಕ್ಕ ಹಾಕಿದರೆ, ಮೇಲೆ ಹೇಳಿದ ಪ್ರೆಸ್ಸಿನ ರ‍್ಯಾಮ್ ತಳದ ಬಿಂದುವಿನಿಂದ 20 ಮೈಕ್ರಾನಿನೊಳಗೆ ಸುಮಾರು 4 ಮಿಲಿ ಸೆಕೆಂಡ್ ಇರುತ್ತದೆ. ನೆರಳಿನ ಸೆನ್ಸರನ್ನು ಆರ್ಡುಯಿನೋ ಸೆಕೆಂಡಿಗೆ ಸುಮಾರು 9,600 ಬಾರಿ ಓದಬಲ್ಲದು. ಆ 4 ಮಿಲಿ ಸೆಕೆಂಡಿನಲ್ಲಿ ನಲವತ್ತರ ಹತ್ತಿರ ಓದು ಸಿಕ್ಕಂತಾಯಿತು. ಅವುಗಳಿಗೆ ಒಂದು ಪ್ಯಾರಾಬೋಲ ಹೊಂದಿಸಿ ತಳವನ್ನು ಹುಡುಕಿದರೆ ಬಿಡಿ ಓದುಗಳ ಏರುಪೇರಿನ ಬಹುಪಾಲು ಹೊಡೆದುಹೋಗುತ್ತದೆ. ಒಂದೇ ಓದನ್ನು ಹಿಡಿದು ಇದೇ ಕನಿಷ್ಠ ಎಂದು ಬರೆದುಕೊಳ್ಳುವುದು ಸೋಮಾರಿ ಕ್ರಮ. ಅದು ಯಾವಾಗಲೂ ನಿಜಕ್ಕಿಂತ ಕೆಳಗಿನ ಎತ್ತರವನ್ನೇ ಹೇಳುತ್ತದೆ, ಏಕೆಂದರೆ ಏರುಪೇರಿನಲ್ಲಿ ಅತ್ಯಂತ ಕೆಳಗೆ ಜಾರಿದ ಓದೇ ಗೆಲ್ಲುತ್ತದೆ.

ಬಿಡಿಭಾಗ ಓಡುವಾಗ ಅದರಡಿಯ ಬೆಲ್ಟೂ ನಡುಗುತ್ತದೆ, ಸೆನ್ಸರ್ ಹೊತ್ತ ಕಂಬವೂ ನಡುಗುತ್ತದೆ. ಪಕ್ಕದಲ್ಲಿ ಮರಳು ಉದುರಿಸುವ ಯಂತ್ರ ಇದ್ದರಂತೂ ನೆಲವೇ ಕುಣಿಯುತ್ತದೆ. ಇದಕ್ಕೆ ಮದ್ದು ವ್ಯತ್ಯಾಸದ ಅಳತೆ. ಒಂದೇ ಲೇಸರ್ ಗೆರೆ ಬಿಡಿಭಾಗದ ಮೇಲೂ ಅದು ಕೂತ ಬೆಲ್ಟಿನ ಮೇಲೂ ಬೀಳುವಂತೆ ಹೊಂದಿಸಿ, ಎರಡರ ಎತ್ತರವನ್ನು ಒಂದೇ ಚಿತ್ರದಿಂದ ತೆಗೆದು ಕಳೆದರೆ ಕಂಬದ ನಡುಕ ಎರಡಕ್ಕೂ ಸಮನಾಗಿ ಹತ್ತಿ ಕಳೆಯುವಾಗ ಮಾಯವಾಗುತ್ತದೆ. ಬೆಲ್ಟು ಜೋತುಬೀಳುವ ಕಡೆ ಅಳೆಯದೆ, ಅಳತೆಯ ಜಾಗದಲ್ಲಿ ಒಂದಡಿ ಉದ್ದದ ಗಟ್ಟಿ ಹಳಿ ಹಾಕಿಸಿ ಅದರ ಮೇಲೆ ಬಿಡಿಭಾಗ ಜಾರುವಂತೆ ಮಾಡುವುದು ಇನ್ನೂ ಒಳ್ಳೆಯದು. ಕ್ಯಾಮೆರಾಕ್ಕೆ ಇನ್ನೆರಡು ಸಾವಿರ ಸುರಿಯುವ ಬದಲು ಆ ಹಣವನ್ನು ಹಳಿಯ ಗ್ರೈಂಡಿಂಗಿಗೆ ಕೊಟ್ಟವರು ಕೆಡುವುದಿಲ್ಲ.

ಹೊರಗಿನ ಬೆಳಕು ಮುಂದಿನ ಶತ್ರು. ಶೆಡ್ಡಿನ ಟ್ಯೂಬ್‌ಲೈಟುಗಳು 50 ಹರ್ಟ್ಸ್ ಕರೆಂಟಿನ ಮೇಲೆ ಸೆಕೆಂಡಿಗೆ ನೂರು ಬಾರಿ ಮಿನುಗುತ್ತವೆ, ಮಾಡಿನ ಕಿಂಡಿಯ ಬಿಸಿಲು ಗಂಟೆಗೊಂದು ಕಡೆ ಬೀಳುತ್ತದೆ. ಸೆನ್ಸರಿನ ಎಲ್‌ಇಡಿಯನ್ನು ಸೆಕೆಂಡಿಗೆ ಸಾವಿರಾರು ಬಾರಿ ಹೊತ್ತಿಸಿ ಆರಿಸುತ್ತ, ಹೊತ್ತಿದಾಗಿನ ಓದಿನಿಂದ ಆರಿದಾಗಿನದನ್ನು ಕಳೆದರೆ ಹೊರಗಿನ ಬೆಳಕಿನ ಪಾಲು ಹೋಗಿ ತನ್ನ ಬೆಳಕಷ್ಟೇ ಉಳಿಯುತ್ತದೆ. ಕ್ಯಾಮೆರಾದ ಮುಂದೆ ಲೇಸರಿನ ಬಣ್ಣವನ್ನು ಮಾತ್ರ ಬಿಡುವ ಫಿಲ್ಟರ್ ಹಾಕುವುದು ಇನ್ನೊಂದು ಕ್ರಮ.

ಕಾದ ಉಕ್ಕಿನ ಮುಂದೆ ಮಾತ್ರ ಬಣ್ಣದ ಆಯ್ಕೆಯೇ ಮುಖ್ಯ. 1923ರಲ್ಲಿ ಇದ್ದಿಲಿನ ಊದುಕುಲುಮೆಯಿಂದ ಕಬ್ಬಿಣ ತೆಗೆಯಲು ಶುರುಮಾಡಿದ, ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರು ಹೊತ್ತ ಭದ್ರಾವತಿಯ ಕಾರ್ಖಾನೆಯ ರೋಲಿಂಗ್ ಮಿಲ್ಲಿನಂಥ ಕಡೆ ಸರಳುಗಳು ಸಾವಿರ ಡಿಗ್ರಿಯ ಸುಮಾರಿನಲ್ಲಿ ರೋಲರುಗಳ ನಡುವೆ ಹಾಯುತ್ತವೆ. ಆ ಶಾಖದಲ್ಲಿ ಉಕ್ಕು ತಾನೇ ಕೆಂಪಗೆ ಬೆಳಗುತ್ತದೆ. ಅದರ ಮೇಲೆ ಕೆಂಪು ಲೇಸರಿನ ಗೆರೆ ಹಗಲಿನ ದೀಪದಂತೆ ಕಳೆದುಹೋಗುತ್ತದೆ. 1,000 ಡಿಗ್ರಿ ಸೆಲ್ಸಿಯಸಿನಲ್ಲಿ ಕಾದ ವಸ್ತು 450 ನ್ಯಾನೋಮೀಟರಿನ ನೀಲಿಯಲ್ಲಿ ಸೂಸುವ ಬೆಳಕು 650 ನ್ಯಾನೋಮೀಟರಿನ ಕೆಂಪಿಗೆ ಹೋಲಿಸಿದರೆ ಸುಮಾರು 360ರಲ್ಲಿ ಒಂದು ಪಾಲು ಎಂದು ಪ್ಲ್ಯಾಂಕ್ ನಿಯಮದ ಲೆಕ್ಕ ಹೇಳುತ್ತದೆ. ಆದ್ದರಿಂದ ಕಾದ ಲೋಹಕ್ಕೆ ನೀಲಿ ಲೇಸರು, ನೀಲಿ ಫಿಲ್ಟರು. ಸಿಲಿಕಾನ್ ಸೆನ್ಸರುಗಳು ಕಣ್ಣಿಗೆ ಕಾಣದ ಇನ್‌ಫ್ರಾರೆಡನ್ನೂ ಧಾರಾಳವಾಗಿ ಹೀರುವುದರಿಂದ ಅದನ್ನು ತಡೆಯುವ ಗಾಜು ಬೇರೆಯೇ ಬೇಕು. ಲೇಸರ್ ಎಷ್ಟೇ ಪ್ರಖರವಿರಲಿ, ಆ ಗಾಜಿಲ್ಲದಿದ್ದರೆ ಕ್ಯಾಮೆರಾ ಕುರುಡಾಗುತ್ತದೆ. ಬಿಸಿಗಾಳಿಯ ನಡುಕ ಗೆರೆಯನ್ನು ಆಡಿಸುವುದಂತೂ ತಪ್ಪಿದ್ದಲ್ಲ, ಅಲ್ಲಿ 10 ಮೈಕ್ರಾನ್ ಕೇಳುವುದು ಅತಿಯಾಸೆ. ಹತ್ತನೇ ಒಂದು ಮಿಲಿಮೀಟರ್ ಸಿಕ್ಕರೆ ಸಾಕೆನ್ನಬೇಕು.

ಶಾಖ ತಣ್ಣಗಿನ ವರ್ಕ್‌ಶಾಪಿನಲ್ಲೂ ಬಿಡುವುದಿಲ್ಲ. ಅಳತೆಗಳಿಗೆ ಜಗತ್ತು ಒಪ್ಪಿದ ಉಷ್ಣಾಂಶ 20 ಡಿಗ್ರಿ. ಶಿವಮೊಗ್ಗದ ತಗಡಿನ ಶೆಡ್ಡಿನ ಹಗಲಿಗೆ ಅದರ ಪರಿಚಯವೇ ಇಲ್ಲ. 30 ಡಿಗ್ರಿಯಲ್ಲಿ 100 ಮಿಲಿಮೀಟರಿನ ಎರಕದ ಕಬ್ಬಿಣ ಸುಮಾರು 10 ಮೈಕ್ರಾನ್ ಹಿಗ್ಗಿರುತ್ತದೆ, ಬೇಕೆಂದಿದ್ದ ನಿಖರತೆ ಅಷ್ಟಕ್ಕೇ ಮುಗಿದುಹೋಯಿತು. ಸೆನ್ಸರನ್ನು ಹೊತ್ತ ಅರ್ಧ ಮೀಟರ್ ಎತ್ತರದ ಅಲ್ಯೂಮಿನಿಯಂ ಕಂಬ ಬೆಳಗಿನಿಂದ ಮಧ್ಯಾಹ್ನಕ್ಕೆ 10 ಡಿಗ್ರಿ ಬಿಸಿಯಾದರೆ 115 ಮೈಕ್ರಾನ್ ಬೆಳೆಯುತ್ತದೆ, ಉಕ್ಕಿನದಾದರೆ 60. ಬೆಳಗ್ಗೆ ಸರಿಮಾಡಿಟ್ಟ ಸಾಧನ ಊಟದ ಹೊತ್ತಿಗೆ ಸುಳ್ಳು ಹೇಳುವುದಕ್ಕೆ ಎಲೆಕ್ಟ್ರಾನಿಕ್ಸಿಗಿಂತ ಹೆಚ್ಚಾಗಿ ಈ ಕಂಬವೇ ಕಾರಣ. ಹಳಿಯ ಎತ್ತರವನ್ನು ಪ್ರತಿ ಚಿತ್ರದಲ್ಲೂ ಕಳೆಯುವ ಕ್ರಮ ಇದನ್ನೂ ನುಂಗಿಕೊಳ್ಳುತ್ತದೆ. ಬಿಡಿಭಾಗದ ಹಿಗ್ಗುವಿಕೆಯನ್ನು ತಿದ್ದಲು ಅದೇ ಲೋಹದ, ಅದೇ ಶೆಡ್ಡಿನಲ್ಲಿಟ್ಟ ಮಾದರಿ ತುಂಡು ಸಾಕು. ಎರಡೂ ಒಟ್ಟಿಗೆ ಹಿಗ್ಗುತ್ತವೆ.

ಸಾಧನಕ್ಕೆ ಅಳತೆ ಕಲಿಸುವುದು ಸ್ಲಿಪ್ ಗೇಜುಗಳಿಂದ. ಸ್ವೀಡನ್ನಿನ ಯೋಹಾನ್ಸನ್ 1896ರಲ್ಲಿ ಯೋಚಿಸಿದ ಈ ಉಕ್ಕಿನ ಇಟ್ಟಿಗೆಗಳನ್ನು ಒಂದಕ್ಕೊಂದು ತಿಕ್ಕಿ ಕೂಡಿಸಿದರೆ ಬೇಕಾದ ಎತ್ತರ ಮೈಕ್ರಾನಿನ ಮಟ್ಟದಲ್ಲಿ ಸಿಗುತ್ತದೆ. ಅಳತೆಯ ಹರವಿನ ಉದ್ದಕ್ಕೂ ಹತ್ತಾರು ಎತ್ತರಗಳನ್ನು ಇಟ್ಟು ಪ್ರತಿಯೊಂದಕ್ಕೂ ಸೆನ್ಸರಿನ ಓದನ್ನು ಬರೆದುಕೊಂಡು, ನಡುವಿನ ಎತ್ತರಗಳನ್ನು ಆ ಕೋಷ್ಟಕದಿಂದ ತೆಗೆಯಬೇಕು. ಸೂತ್ರದಿಂದ ಬಂದ ನೇರ ಗೆರೆಯನ್ನು ನಂಬಬಾರದು. ಅಗ್ಗದ ಲೆನ್ಸು ಅಂಚಿನ ಕಡೆ ಚಿತ್ರವನ್ನು ಬಾಗಿಸುತ್ತದೆ, ಕೋನವೂ ಅಂದುಕೊಂಡಷ್ಟೇ ಇರುವುದಿಲ್ಲ. ಗೇಜಿನ ಕನ್ನಡಿಯಂಥ ಮುಖ ಲೇಸರನ್ನು ಕ್ಯಾಮೆರಾದ ಕಡೆ ಚೆಲ್ಲದೆ ಬೇರೆತ್ತಲೋ ಎಸೆಯುವುದರಿಂದ ಅದರ ಮೇಲೆ ಅಳತೆ ಗೊತ್ತಿರುವ, ಮಂಕು ಮುಖದ ಗ್ರೈಂಡ್ ಮಾಡಿದ ತುಂಡೊಂದನ್ನು ಇಟ್ಟು ಓದಬೇಕಾಗುತ್ತದೆ. ಇಷ್ಟೆಲ್ಲ ನಿಂತಲ್ಲೇ ನಡೆದ ಪರೀಕ್ಷೆ. ಒಂದೇ ಮಾದರಿ ತುಂಡನ್ನು ನಿಜವಾದ ವೇಗದಲ್ಲಿ ಹಲವು ಬಾರಿ ಓಡಿಸಿ ಓದುಗಳು ಎಷ್ಟು ಚದುರುತ್ತವೆ ಎಂದು ನೋಡಿದ ಮೇಲೆಯೇ ಸಾಧನ 10 ಮೈಕ್ರಾನಿನದೋ 50ರದೋ ಎಂದು ಹೇಳಲು ಬರುತ್ತದೆ.

ಲೇಸರ್ ಚುಕ್ಕೆಯನ್ನು ಹತ್ತಿರದಿಂದ ನೋಡಿದರೆ ಅದು ಕಾಳುಕಾಳಾಗಿ ಮಿನುಗುತ್ತದೆ. ಒರಟು ಮುಖದಿಂದ ಚದುರಿದ ಅಲೆಗಳು ಒಂದನ್ನೊಂದು ಕೂಡಿ ಕಳೆಯುವುದರಿಂದ ಹುಟ್ಟುವ ಈ ಕಾಳುಗಳು ಚುಕ್ಕೆಯ ನಡುವನ್ನು ಆಚೀಚೆ ಎಳೆದು ಕೆಲವು ಮೈಕ್ರಾನುಗಳ ತಪ್ಪು ತರುತ್ತವೆ. ನಿಂತ ವಸ್ತುವಿನ ಮೇಲೆ ಎಷ್ಟು ಬಾರಿ ಓದಿದರೂ ಅದೇ ಕಾಳು, ಅದೇ ತಪ್ಪು. ಮುಖ ಸರಿಯುತ್ತಿದ್ದರೆ ಕಾಳುಗಳು ಬದಲಾಗುತ್ತ ಹೋಗಿ ಸರಾಸರಿಯಲ್ಲಿ ಅಳಿಸಿಹೋಗುತ್ತವೆ, ಓಡುವ ವಸ್ತು ನಿಂತದ್ದಕ್ಕಿಂತ ನಿಖರವಾಗಿ ಸಿಗುವ ಅಪರೂಪದ ಸಂದರ್ಭ ಇದು.

ಫೌಂಡ್ರಿಯ ಧೂಳು ಲೆನ್ಸಿನ ಮೇಲೆ ಒಂದು ಪಾಳಿಯೊಳಗೆ ಪದರ ಕಟ್ಟುತ್ತದೆ. ಮುಂದೆ ಬದಲಾಯಿಸಬಹುದಾದ ಸಾದಾ ಗಾಜು ಹಾಕಿ, ಅದರ ಎದುರು ಸಣ್ಣ ಕೊಳವೆಯಿಂದ ಶುದ್ಧ ಗಾಳಿ ಊದುತ್ತಿದ್ದರೆ ಓದು ಉಳಿಯುತ್ತದೆ. ಕಂಪ್ರೆಸರಿನ ಗಾಳಿಯಲ್ಲಿ ಎಣ್ಣೆ ಬರುತ್ತಿದ್ದರೆ ಅದೇ ಗಾಜನ್ನು ಕೆಡಿಸುತ್ತದೆ, ಹಾಗಾಗಿ ನಡುವೆ ಫಿಲ್ಟರ್ ಕಡ್ಡಾಯ. ಬಿಡಿಯಾಗಿ ಮಾರಾಟವಾಗುವ ಅಗ್ಗದ ಲೇಸರುಗಳು ಬಹುತೇಕ 5 ಮಿಲಿವ್ಯಾಟಿನವು. ರೆಪ್ಪೆ ಮಿಟುಕಿಸುವಷ್ಟರಲ್ಲಿ ಕಣ್ಣಿಗೆ ಹಾನಿಯಾಗದ 1 ಮಿಲಿವ್ಯಾಟಿನ ಮಿತಿಯನ್ನು ಅವು ದಾಟಿರುತ್ತವೆ. ಹೊಳೆಯುವ ಮುಖದಿಂದ ಚಿಮ್ಮಿದ ಕಿರಣ ನಿಂತವರ ಕಣ್ಣಿನ ಎತ್ತರಕ್ಕೆ ಬರದಂತೆ ತಗಡಿನ ಮರೆ ಕಟ್ಟಲೇಬೇಕು, ಆ ಮರೆಯೇ ಹೊರಗಿನ ಬೆಳಕಿಗೂ ಅಡ್ಡವಾಗುತ್ತದೆ.

ಕೂಲೆಂಟ್ ಹರಿಯುತ್ತಿರುವಾಗಲೇ ಮಷಿನಿನೊಳಗೆ ಅಳೆಯಬೇಕೆಂದರೆ, ಆಳವಾದ ಕಿರಿದಾದ ತೂತಿನ ತಳ ನೋಡಬೇಕೆಂದರೆ, ಪಾರದರ್ಶಕ ಪ್ಲಾಸ್ಟಿಕ್ಕಿನ ಮುಖ ಹಿಡಿಯಬೇಕೆಂದರೆ ಈ ಅಗ್ಗದ ವಿಧಾನಗಳು ಒಗ್ಗುವುದಿಲ್ಲ. ಎಣ್ಣೆ ನೀರುಗಳ ನಡುವೆ ಲೋಹದ ದೂರ ಅಳೆಯಲು ಎಡ್ಡಿ ಕರೆಂಟ್ ಸೆನ್ಸರೇ ಸರಿ. ತೂತಿಗೆ ಏರ್ ಗೇಜು. ಪಾರದರ್ಶಕ ಮುಖಕ್ಕೆ ಬಿಳಿ ಬೆಳಕಿನ ಬಣ್ಣಗಳನ್ನು ಬೇರೆ ಬೇರೆ ಆಳದಲ್ಲಿ ಫೋಕಸ್ ಮಾಡುವ ದುಬಾರಿ ಕನ್‌ಫೋಕಲ್ ಸೆನ್ಸರುಗಳಿವೆ.